ಬೆಸುಗೆಯಿಂದ ಮೂರು ಮಿಲಿಮೀಟರ್

ಒಡೆದದ್ದು ಬೆಸುಗೆಯಲ್ಲ.
ಇದನ್ನು ಮೊದಲೇ ಬರೆದಿಡುತ್ತೇನೆ, ಯಾಕೆಂದರೆ
ಸೀತಾಂಗೋಳಿಯ ಚಾದಂಗಡಿಯಲ್ಲಿ ಆಗಲೇ ತೀರ್ಪಾಗಿದೆ:
ಅಂದುಂಞಿಯ ಕೈ ನಡುಗಿತು,
ಐವತ್ತೆಂಟಾಯಿತಲ್ಲ, ಕನ್ನಡಕ ಬದಲಿಸಿಲ್ಲ,
ಜುಬೈಲಿನಲ್ಲಿ ಮಾಡಿದ ಹೆಸರು
ಶಿರಿಯ ಹೊಳೆಯಲ್ಲಿ ಹೋಯಿತು.

ನಾನು ಫಿಲ್ಮು ನೋಡುವವಳು.
ವ್ಯಾನಿನ ಕತ್ತಲಲ್ಲಿ, ಬೆಳಕಿನ ಪೆಟ್ಟಿಗೆಯ ಮೇಲೆ
ಜೋಡಣೆಗಳ ಎಕ್ಸ್‌ರೇ ಒಂದೊಂದೇ ಹಾಸಿ
ಗುಳ್ಳೆ ಉಂಟೋ, ಕಿಟ್ಟ ಉಂಟೋ, ಕೂದಲೆಳೆಯಂಥ ಗೆರೆ ಉಂಟೋ ಎಂದು
ಭೂತಗನ್ನಡಿ ಹಿಡಿಯುವ ಕೆಲಸ.
ನಾನೂರ ಹದಿನೇಳನೆಯದು ನನಗೆ ನೆನಪುಂಟು.
ಅಷ್ಟು ಚಂದದ ಫಿಲ್ಮು ಆ ತಿಂಗಳು ಇನ್ನೊಂದು ಬಂದಿರಲಿಲ್ಲ.
ತಪ್ಪು ಹುಡುಕಲು ಸಂಬಳ ತೆಗೆದುಕೊಳ್ಳುವವಳಿಗೆ
ಹಾಗೆ ಅನಿಸಬಾರದು.
ಅನಿಸಿತು.

ಗುಡ್ಡದ ಕಡೆಯದು ಎಪ್ಪತ್ತರ ಉಕ್ಕು.
ಸ್ಟಾಕು ಮುಗಿದು, ಬೇರೆ ಯಾರ್ಡಿನಿಂದ ಲಾರಿಯಲ್ಲಿ ಬಂದದ್ದು,
ಹೊಳೆಯ ಕಡೆಯದು, ಐವತ್ತೆರಡರದು.
ದಪ್ಪ ಒಂದೇ. ಹಚ್ಚಿದ ಬಣ್ಣ ಒಂದೇ.
ಕಾಗದದ ಲೆಕ್ಕದಲ್ಲಿ ಎರಡೂ ಪಾಸು.

ಉಕ್ಕಿಗೂ ಒಂದು ಮಾತುಂಟು:
ಇಷ್ಟರವರೆಗೆ ಎಳೆ, ಬಿಟ್ಟರೆ ವಾಪಸು ಬರುತ್ತೇನೆ,
ಅದರಾಚೆ ಬರುವುದಿಲ್ಲ.
ಎಪ್ಪತ್ತರದು ಆ ಮಾತು ತಡವಾಗಿ ಮುರಿಯುತ್ತದೆ,
ಐವತ್ತೆರಡರದು ಬೇಗ.
ನಡುವೆ ಅಂದುಂಞಿ ಕರಗಿಸಿ ತುಂಬಿದ ಕಂಬಿ
ಎರಡಕ್ಕಿಂತಲೂ ಗಟ್ಟಿ. ಕೇಳಿದ್ದೇ ಹಾಗೆ,
ಪುಸ್ತಕ ಹೇಳುವುದೇ ಹಾಗೆ: ಬೆಸುಗೆ ಬಿಡಬಾರದು.

ಬೆಸುಗೆ ಬಿಡಲಿಲ್ಲ.

ಆಟಿಯಲ್ಲಿ ಹೊಳೆಬದಿಯ ಕೆಸರು ಒಂದು ಗೇಣು ಕುಸಿಯಿತು.
ಮುರಕಲ್ಲು ಕಚ್ಚಿ ಹಿಡಿದ ತುದಿ ಅಲುಗಲಿಲ್ಲ.
ಬಾಗಬೇಕಾದದ್ದನ್ನು ಯಾರಾದರೂ ಬಾಗಬೇಕಲ್ಲ.
ಎಪ್ಪತ್ತರದು ಕದಲಲಿಲ್ಲ,
ನಡುವಿನದೂ ಕದಲಲಿಲ್ಲ,
ಇಬ್ಬರೂ ಬೇಡವೆಂದ ಎಳೆತವೆಲ್ಲ ಬಂದು ಕೂತದ್ದು
ಪಕ್ಕದಲ್ಲಿ, ಬೆಸುಗೆಯ ಬಿಸಿ ತಾಗಿ
ಮೊದಲೇ ಸ್ವಲ್ಪ ಮೆತ್ತಗಾಗಿದ್ದ
ಐವತ್ತೆರಡರ ಅರೆಬೆರಳು ಜಾಗದಲ್ಲಿ.

ನೀರು ತುಂಬಿಸಿ ಒತ್ತಡ ಏರಿಸಿದ್ದು ಸೋಣದಲ್ಲಿ.
ರಾತ್ರಿ ಮೂರೂ ಹತ್ತಕ್ಕೆ
ಪಂಪಿನ ಹತ್ತಿರ ಕೂತ ತ್ಯಾಂಪಣ್ಣ ಕಂಡದ್ದು
ಸೂಜಿ ಒಂದು ಗೆರೆ ಇಳಿದದ್ದು, ಅಷ್ಟೇ.
ಬೆಳಿಗ್ಗೆ ಬೀಫಾತಿಮ ಬಸಳೆ ಚಪ್ಪರದಿಂದ ಕೂಗಿದರು:
ಮಳೆ ಬಾರದೆ ಇಲ್ಲಿ ಎಂತ ನೀರು?

ತುಂಡು ಕತ್ತರಿಸಿ, ಉಜ್ಜಿ, ಆಸಿಡ್ ಹಚ್ಚಿದಾಗ
ಬೆಸುಗೆ ಎದ್ದು ಬಂತು, ಪದರ ಪದರವಾಗಿ,
ಹೆಬ್ಬೆರಳಿನ ಗುರುತಿನಂತೆ.
ಅದಕ್ಕೆ ಸಮವಾಗಿ, ಅದನ್ನು ಮುಟ್ಟದೆ
ಬಿರುಕು ಇಳಿದು ಹೋಗಿತ್ತು.

ಫಾರ್ಮಿನಲ್ಲಿ ಮೂರು ಚೌಕ:
ವೆಲ್ಡರನ ದೋಷ, ಪೈಪಿನ ದೋಷ, ಇತರೆ.

ಅಂದುಂಞಿ ವ್ಯಾನಿನ ಮೆಟ್ಟಿಲಲ್ಲಿ ನಿಂತರು, ಒಳಗೆ ಬರಲಿಲ್ಲ.
ಅವರು ಮಲಯಾಳದಲ್ಲಿ ಸುರುಮಾಡಿ ಕನ್ನಡಕ್ಕೆ ಬಂದರು,
ನಾನು ಕನ್ನಡದಲ್ಲಿ ಸುರುಮಾಡಿ ಅತ್ತ ಹೋದೆ.
'ಮೆದು ಕಂಬಿ ಹಾಕಿದ್ದರೆ ಎಂತ ಆಗ್ತಿತ್ತು?'
'ಬಿರುಕು ನಿಮ್ಮ ಬೆಸುಗೆಯಲ್ಲೇ ಬರ್ತಿತ್ತು.'
ಸ್ವಲ್ಪ ಹೊತ್ತು ಬೆರಳಿನ ಸುಟ್ಟ ಕಲೆ ನೋಡಿಕೊಂಡರು.
'ಬರಲಿ ಅಲ್ಲವಾ.
ಅದಾದರೆ ನನ್ನದು ಅಂತ ಹೇಳಬಹುದಿತ್ತು.
ಇದು ಯಾರದ್ದು?'

ಇತರೆಯ ಮುಂದೆ ಒಂದೂವರೆ ಇಂಚು ಜಾಗ.
ಬೆಸುಗೆಯಿಂದ ಮೂರು ಮಿಲಿಮೀಟರ್, ಮೆದು ಉಕ್ಕಿನ ಕಡೆ
ಎಂದು ಬರೆಯುವಷ್ಟರಲ್ಲಿ ತುಂಬಿತು.
ಕೆಸರನ್ನು, ಮುರಕಲ್ಲನ್ನು, ಲಾರಿಯನ್ನು
ಹಿಂದುಗಡೆ ಬರೆದೆ. ಹಿಂದುಗಡೆ ಯಾರೂ ಓದುವುದಿಲ್ಲ.

ಮುಂದಿನ ವಾರ ಎರಡರ ನಡುವೆ
ಅರವತ್ತರ ಉಕ್ಕಿನ ಒಂದು ಮಾರು ತುಂಡು ಇಟ್ಟರು.
ಒಂದಿದ್ದ ಬೆಸುಗೆ ಎರಡಾಯಿತು.
ಎರಡನ್ನೂ ಅಂದುಂಞಿಯೇ ಹಾಕಿದರು, ಹೊಸ ಕನ್ನಡಕದಲ್ಲಿ.

ಫಿಲ್ಮು ಬಂತು.
ಎರಡನೆಯದರಲ್ಲಿ ಒಂದು ಗುಳ್ಳೆ ಇತ್ತು, ಸಾಸಿವೆಯಷ್ಟು.
ಅಳೆದೆ. ಮಿತಿಯೊಳಗೆ ಇತ್ತು.
ಪಾಸು ಮಾಡಿದೆ.